ಗೋಧಿಯಿಲ್ಲದ ಭಾನುವಾರ

"ಅಕ್ಕಿ ಇಲ್ಲ, ಗೋಧಿ ಇಲ್ಲ, ರವೆ ಇಲ್ಲ, ಶಾವಿಗೆ ಇಲ್ಲ. ಮತ್ತೆ ಬರೋ ಮಗು ತಟ್ಟೆ ಮುಂದೆ ಕೂತು ಫ್ಯಾನಿನ ಗಾಳಿ ಕುಡೀಬೇಕಾ?" ಎಂದಳು ಚೂಡಾಮಣಿ.

ಅಡುಗೆಮನೆಯ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ನೋಯುವ ಮಂಡಿಯ ಮೇಲೆ ಎರಡೂ ಕೈ ಊರಿ ಕಾವಲು ಕೂತಿದ್ದ ಹೆಂಡತಿಯ ಕಡೆ ತಿರುಗಿ ನೋಡುವಷ್ಟು ಪುರುಸೊತ್ತು ಕಿಟ್ಟಿಗೆ ಇರಲಿಲ್ಲ. ಗ್ಯಾಸಿನ ಎರಡು ಒಲೆಗಳ ಮೇಲೂ ಒಂದೊಂದು ಗುಂಡು ಬದನೆಕಾಯಿ ನೇರ ಉರಿಯಲ್ಲಿ ಕೂತು ಚಟಚಟ ಅನ್ನುತ್ತಿತ್ತು. ಕಿಟಕಿಯ ಸರಳಿಗೆ ಕಟ್ಟಿದ ಬಿಳಿ ಪಂಚೆಯ ತುಂಡಿನಿಂದ ಮೊಸರಿನ ನೀರು ತೊಟ್ಟು ತೊಟ್ಟಾಗಿ ಬೋಗುಣಿಗೆ ಬೀಳುತ್ತಿತ್ತು. ಹೂಕೋಸನ್ನು ತುರಿದು ಅಕ್ಕಿಯ ಕಾಳಿನಷ್ಟು ಸಣ್ಣಗೆ ಮಾಡಿದ ಗುಡ್ಡೆಯೊಂದು ಮರದ ಮಣೆಯ ಮೇಲೆ ಕಾಯುತ್ತಿತ್ತು. ಅರವತ್ತು ವರ್ಷದ ತನಕ ಕಾಫಿ ಬೆರೆಸುವುದಕ್ಕಿಂತ ಹೆಚ್ಚಿನ ಕೆಲಸಕ್ಕೆ ಈ ಕೋಣೆಯೊಳಗೆ ಕಾಲಿಡದಿದ್ದ ತಾನು, ಇನ್ಶೂರೆನ್ಸ್ ಆಫೀಸಿನಿಂದ ರಿಟೈರಾಗಿ ಎಂಟು ತಿಂಗಳಿಗೆ, ಒಂದು ಇಡೀ ಊಟಕ್ಕೆ ಯಜಮಾನನಾಗಿ ನಿಂತಿದ್ದೇನೆ ಎಂಬುದು ನೆನಪಾದಾಗಲೆಲ್ಲ ಅವನ ಎದೆ, ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದು ಎಲ್ಲ ಗೊತ್ತಿದೆ ಅನ್ನಿಸಿದಾಗಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ಹನ್ನೆರಡೂವರೆಗೆ ಸುರಭಿ ಬರುತ್ತಾಳೆ. ಬಿಟಿಎಂನಲ್ಲಿ ಗೆಳತಿಯೊಬ್ಬಳ ಜೊತೆ ಬಾಡಿಗೆಗಿರುವ ಮಗಳು ಜಯನಗರದ ಈ ಮನೆಗೆ ಬಂದು ಹೋಗುತ್ತಿದ್ದುದುಂಟು. ಆದರೆ ಊಟದ ಹೊತ್ತು ತಪ್ಪಿಸಿ ಬರುತ್ತಿದ್ದಳು. ಮೊನ್ನೆ ಫೋನಿನಲ್ಲಿ ಅವನು ಅಂಗಲಾಚಿದ ಮೇಲೆ, "ಬರ್ತೀನಪ್ಪ, ಆದ್ರೆ ನನ್ನ ಊಟದ ಡಬ್ಬಿ ನಾನೇ ತರ್ತೀನಿ, ನೀವೇನೂ ತೊಂದ್ರೆ ತಗೋಬೇಡಿ" ಅಂದಿದ್ದಳು. ಹೆತ್ತ ಮನೆಗೆ ಮಗಳು ಡಬ್ಬಿ ಕಟ್ಟಿಕೊಂಡು ಬರುವುದು! ಆ ಡಬ್ಬಿ ಇವತ್ತು ಚೀಲದಿಂದ ಹೊರಗೆ ಬರಬಾರದು, ಅವಳು ತನ್ನ ಕೈಯಡುಗೆಯನ್ನು ಹೆದರದೆ ತಿನ್ನಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಅಷ್ಟಕ್ಕಾಗಿ ಎರಡು ವಾರದಿಂದ ನಿದ್ದೆ ಸರಿಯಾಗಿರಲಿಲ್ಲ.

"ಗಾಳಿ ಯಾಕೆ ಕುಡೀತಾಳೆ? ಒಂದು ಸಮುದ್ರದ ಸುತ್ತಲಿನೋರೆಲ್ಲ ತಿನ್ನೋದನ್ನ ತಿಂತಾಳೆ," ಎಂದ ಅವನು, ಬದನೆಕಾಯಿಯನ್ನು ಇಕ್ಕಳದಿಂದ ಹೊರಳಿಸುತ್ತ.

"ಸಮುದ್ರ ನೋಡಿದೀರಾ ನೀವು? ಮಲ್ಪೆಗೆ ಹೋದಾಗ ಪಂಚೆ ಒದ್ದೆಯಾಗತ್ತೆ ಅಂತ ಮರಳ ಮೇಲೇ ನಿಂತಿದ್ರಿ."

ನೋಡಿರಲಿಲ್ಲ, ನಿಜ. ಮೆಡಿಟರೇನಿಯನ್ ಎಂಬ ಆ ಸಮುದ್ರಕ್ಕೂ ಅವನಿಗೂ, ಹೈಸ್ಕೂಲಿನ ಭೂಪಟದಲ್ಲಿ ಮೂರು ಖಂಡಗಳ ನಡುವೆ ಅದಕ್ಕೆ ನೀಲಿ ಬಳಿದಿದ್ದಷ್ಟೇ ನಂಟಸ್ತಿಕೆ. ಆದರೆ ಸೈಬರ್ ಸೆಂಟರಿನ ಮಬ್ಬು ಗೂಡಿನಲ್ಲಿ ಕೂತು, ಮಗಳಿಗೂ ತನ್ನ ಶುಗರಿಗೂ ಒಂದೇ ಅಡುಗೆ ಒಗ್ಗಲೆಂದು ಒಂದೇ ಬೆರಳಿನಲ್ಲಿ 'ಗೋಧಿ ಬೇಡ, ಪಿಷ್ಟ ಕಡಿಮೆ, ಮೀನು ಬೇಡ' ಎಂದು ಇಂಗ್ಲಿಷಿನಲ್ಲಿ ಕುಟ್ಟಿ ಕುಟ್ಟಿ ಹುಡುಕಿದಾಗ ಅದರ ದಡದ ಅಡುಗೆಗಳು ಒಂದರ ಹಿಂದೊಂದು ಪರದೆಯ ಮೇಲೆ ಬಂದು ನಿಂತವು. ನೋಡುತ್ತ ನೋಡುತ್ತ ಅವನ ಮೈ ನವಿರೆದ್ದಿತ್ತು. ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಕಿವುಚುತ್ತಾರಂತೆ! ಅವನ ಅಮ್ಮ ಸುಡುತ್ತಿದ್ದಳಲ್ಲ, ಬಚ್ಚಲ ಒಲೆಯಲ್ಲಿ, ಗೊಜ್ಜಿಗೆ. ಎಳ್ಳು ಹುರಿದು ನುಣ್ಣಗೆ ರುಬ್ಬುತ್ತಾರಂತೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುತ್ತಾರಂತೆ, ಸೌತೆಕಾಯಿ ಕೊಚ್ಚಿ ಪುದೀನ ಹಾಕುತ್ತಾರಂತೆ, ಕಾಬೂಲ್ ಕಡಲೆಗೆ ನಿಂಬೆಹಣ್ಣು ಹಿಂಡುತ್ತಾರಂತೆ. ಎಲ್ಲೋ ಬಿಳಿ ಗೋಡೆಯ ಮನೆಯಲ್ಲಿ ಕಪ್ಪು ಸೆರಗು ಹೊದ್ದ ಮುದುಕಿಯೊಬ್ಬಳು ತನ್ನ ಅಮ್ಮನ ಹಾಗೇ ಬೆರಳು ಸುಟ್ಟುಕೊಂಡು ಉಫ್ ಎಂದು ಊದಿಕೊಳ್ಳುತ್ತಿದ್ದಾಳೆ ಅನ್ನಿಸಿ, ಗೂಡಿನೊಳಗೆ ಒಬ್ಬನೇ ನಕ್ಕುಬಿಟ್ಟಿದ್ದ. ಪಕ್ಕದ ಗೂಡಿನವನು ಎದ್ದು ಇಣುಕಿ ನೋಡಿದ್ದ. ಹದಿನಾಲ್ಕು ಹಾಳೆ ಪ್ರಿಂಟು ತೆಗೆಸಿಕೊಂಡು ಬಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ. ಮೆಡಿಕಲ್ ಶಾಪಿಗೆ ಹೋಗಿ ಆಲಿವ್ ಎಣ್ಣೆ ಕೇಳಿದರೆ, ಅಂಗಡಿಯವನು ಪುಟ್ಟ ಬಾಟಲಿಯೊಂದನ್ನು ಮುಂದಿಟ್ಟು, "ಮೊಮ್ಮಗುನಾ ಸಾರ್? ಗಂಡಾ ಹೆಣ್ಣಾ? ನೀರು ಹಾಕೋಕ್ಮುಂಚೆ ಚೆನ್ನಾಗಿ ತಿಕ್ಕಬೇಕು" ಅಂದ. "ಇಲ್ಲಪ್ಪ, ಒಗ್ಗರಣೆಗೆ," ಎಂದ ಕಿಟ್ಟಿ. ಅವನು ಒಳಗೆ ತಿರುಗಿ, "ಗುರು, ಇಲ್ ಬಾ, ಇವ್ರು ಹೇಳೋದು ಕೇಳು," ಎಂದು ಕೂಗಿದ್ದ. ಇಬ್ಬರೂ ಸೇರಿ ನೋಡಿದ ನೋಟಕ್ಕೆ ಕಿವಿ ಬಿಸಿಯಾದರೂ ಬಾಟಲಿ ಬಿಟ್ಟು ಬರಲಿಲ್ಲ. ಆಮೇಲೆ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಅಡುಗೆಗೆಂದೇ ಇರುವ ದೊಡ್ಡ ಡಬ್ಬಿ ಸಿಕ್ಕಿತು. ಎಲ್ಲ ಹೊಂದಿತ್ತು. ಹೊಂದದ್ದು ಒಂದೇ: ಹದಿನಾಲ್ಕು ಹಾಳೆಯಲ್ಲೂ ಬೆಳ್ಳುಳ್ಳಿ. ಎರಡು ಎಸಳು, ನಾಲ್ಕು ಎಸಳು, ಒಂದು ಕಡೆ ಇಡೀ ಗಡ್ಡೆ.

"ಅದೊಂದು ಎತ್ತಬೇಡಿ," ಅಂದಿದ್ದಳು ಚೂಡಾಮಣಿ. "ನಿಮ್ಮಮ್ಮನ ಕಾಲದಿಂದ ಈ ಅಡುಗೆಮನೆಗೆ ಬಂದಿಲ್ಲ. ನನ್ನ ಕಾಲದಲ್ಲೂ ಬರಲ್ಲ."

ಅವನೂ ಹಟ ಮಾಡಲಿಲ್ಲ. ಬೆಳ್ಳುಳ್ಳಿ ಎಂದಿರುವ ಕಡೆಯಲ್ಲೆಲ್ಲ ಗೀಟೆಳೆದು, ಪಕ್ಕದಲ್ಲಿ 'ಹಿಂಗು' ಎಂದು ಬರೆದ. ತಲೆತಲಾಂತರದಿಂದ ತಮ್ಮಂಥ ಮನೆಯವರು ಮಾಡಿಕೊಂಡು ಬಂದ ತಿದ್ದುಪಡಿ ಅದು.

ಬದನೆಕಾಯಿಯ ಸಿಪ್ಪೆ ಕರಿಹಾಳೆಯಂತೆ ಸುರುಳಿಯಾಗಿ ಬಂತು. ಒಳಗಿನ ತಿರುಳು ಉಗುರಿನ ಬಣ್ಣದಲ್ಲಿ, ಹೊಗೆಯ ವಾಸನೆಯಲ್ಲಿ, ಬೆರಳಿಗೆ ಸಿಕ್ಕಿಯೂ ಸಿಗದಂತೆ ಜಾರಿತು. ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ ಅಂಟಿಕೊಂಡಿತ್ತು, ಚಪಾತಿಯ ಮೇಲಿನ ಸುಟ್ಟ ಚುಕ್ಕೆಗಳ ಹಾಗೆ. ಚಪಾತಿ ಅವನ ಕಾನೂನು. ತೊಂಬತ್ನಾಲ್ಕರಲ್ಲಿ ಅವನಿಗೆ ಶುಗರ್ ಅಂತ ಗೊತ್ತಾದ ದಿನವೇ ಮನೆಯಲ್ಲಿ ಸಾಯಂಕಾಲದ ಅನ್ನ ನಿಂತುಹೋಯಿತು. ಬೀದಿಯಲ್ಲಿ ಯಾರಿಗೆ ಶುಗರ್ ಬಂದರೂ ಹಾಗೇ ಆಗುತ್ತಿತ್ತು, ಅನ್ನ ಬಿಡು, ಚಪಾತಿ ಹಿಡಿ. ತಾನೊಬ್ಬನೇ ಶಿಕ್ಷೆ ಅನುಭವಿಸುವುದು ಯಾಕೆ ಎಂಬ ಸಣ್ಣತನವೂ ಅದರಲ್ಲಿತ್ತೇನೋ, ಎಲ್ಲರಿಗೂ ಅದೇ ಅಂದ. ಹದಿಮೂರು ವರ್ಷದ ಸುರಭಿ ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದಳು. ಹೊಟ್ಟೆನೋವು ಅನ್ನುವಳು, ಬಾಯಿಹುಣ್ಣು ಅನ್ನುವಳು, ಹೆಜ್ಜೆ ಹೆಜ್ಜೆಗೆ ಸುಸ್ತು ಅನ್ನುವಳು. 'ನಾಟಕ,' ಅನ್ನುತ್ತಿದ್ದ ಕಿಟ್ಟಿ, 'ತಿನ್ನು. ಅಷ್ಟರಲ್ಲಿ ಏನಾಗತ್ತೆ, ತಿನ್ನು.' ಒಂದು ದಿನ ಅವಳ ಜಾಮಿಟ್ರಿ ಬಾಕ್ಸು ತೆಗೆದರೆ ಕೈವಾರದ ಕೆಳಗೆ ಮಡಿಸಿಟ್ಟ ಚಪಾತಿಯ ತುಂಡುಗಳು, ಹನ್ನೊಂದು, ಒಣಗಿ ಚರ್ಮದಂತಾಗಿದ್ದವು. ಮನೆಗೆ ಬಂದಿದ್ದ ಆಫೀಸಿನ ಬದರಿನಾಥನಿಗೂ ಅವನ ಹೆಂಡತಿಗೂ ಅದನ್ನು ತೋರಿಸಿ, "ನೋಡಿ ಸಾರ್, ನಮ್ಮ ಮಗಳು ಕಲಿತ ರೇಖಾಗಣಿತ," ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳು ಬಾಗಿಲ ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು, ಮುಷ್ಟಿಯ ಗೆಣ್ಣು ಬೆಳ್ಳಗಾಗಿತ್ತು. ಮೂರು ತಿಂಗಳ ಕೆಳಗೆ ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಕರುಳಿನ ಚಿತ್ರ ಬರೆದು, ಒಳಗಿನ ಗೋಡೆಯಲ್ಲಿ ಹುಲ್ಲಿನಂತಿರಬೇಕಾದದ್ದು ಇವಳಿಗೆ ಬೋಳಾಗಿದೆ, ಇದಕ್ಕೆ ಸೀಲಿಯಾಕ್ ಅಂತಾರೆ, ಗೋಧಿ ಈ ಮೈಗೆ ಆಗೋದಿಲ್ಲ, ಎಷ್ಟು ವರ್ಷದಿಂದ ಹೀಗಿತ್ತಮ್ಮ ಎಂದು ಕೇಳಿದಾಗ ಅವಳು ಡಾಕ್ಟರ ಕಡೆ ನೋಡದೆ ಕಿಟ್ಟಿಯ ಕಡೆ ನೋಡಿದ್ದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆವತ್ತಿನಿಂದ ಅವನ ಜೇಬಿನಲ್ಲಿ ಒಂದು ಭೂತಗನ್ನಡಿ. ಅಂಗಡಿಯ ಯಾವ ಪೊಟ್ಟಣ ಸಿಕ್ಕಿದರೂ ಹಿಂದೆ ತಿರುಗಿಸಿ ಓದುತ್ತಾನೆ: ಬಿಸ್ಕತ್ತು, ಸಾಸು, ಐಸ್‌ಕ್ರೀಮು, ಜ್ವರದ ಮಾತ್ರೆಯ ರಟ್ಟು ಕೂಡ.

"ಸಾಹೇಬ್ರ!" ಮಹಡಿಯಿಂದ ಕೂಗು ಬಂತು. ಹೋದ ವರ್ಷ ಗಂಡನ ಕೆಲಸದ ವರ್ಗದ ಮೇಲೆ ಗದಗಿನಿಂದ ಬಂದು ಮೇಲ್ಮನೆಯಲ್ಲಿ ಬಾಡಿಗೆಗಿದ್ದ ಶರಣಮ್ಮ. "ಬದ್ನೀಕಾಯಿ ಸುಡಾಕತ್ತೀರೇನ್ರೀ? ವಾಸನಿಗೆ ಇಲ್ಲಿ ನಮ್ಮ ಮನ್ಯಾವ್ರು ಪೇಪರ್ ಬಿಟ್ಟು ಎದ್ದು ನಿಂತಾರ ನೋಡ್ರಿ!"

"ಸಮುದ್ರದ ಅಡುಗೆ ಶರಣಮ್ಮ, ಸಮುದ್ರದ್ದು!" ಕಿಟ್ಟಿ ಕಿಟಕಿಗೆ ಬಾಯಿಟ್ಟು ಕೂಗಿದ.

"ಅಯ್ಯ ಯಪ್ಪಾ, ಸಮುದ್ರದಾಗ ಬದ್ನೀಕಾಯಿ ಯಾವಾಗ ಬೆಳೀತ್ರೀ?"

ಚೂಡಾಮಣಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳು ನಕ್ಕಿದ್ದು ಒಳ್ಳೆಯ ಶಕುನ ಅನ್ನಿಸಿ ಕಿಟ್ಟಿ ಇನ್ನಷ್ಟು ಹುಮ್ಮಸ್ಸಿನಿಂದ ಆಲಿವ್ ಎಣ್ಣೆ ಕಾಯಿಸಿ, ಜೀರಿಗೆ ಸಿಡಿಸಿ, ಹಳೆಯ ಡಬ್ಬಿಯ ತಳ ಕೆರೆದು ಹಿಂಗು ಉದುರಿಸಿದ. ಒಂದು ಪಾಲು ಬದನೆಕಾಯಿಗೆ, ಒಂದು ಪಾಲು ಕಡಲೆಗೆ. ಘಮ್ಮೆಂದಿತು ಮನೆ.

ಹನ್ನೆರಡೂವರೆಗೆ ಸರಿಯಾಗಿ ಗೇಟು ಕಿರುಗುಟ್ಟಿತು. ಸುರಭಿ ಮೊದಲಿಗಿಂತ ಬಡವಾಗಿದ್ದಳು. ಕುರ್ತಾದ ತೋಳಿನೊಳಗೆ ಕೈ ಇದೆಯೋ ಇಲ್ಲವೋ ಅನ್ನುವ ಹಾಗೆ. ಮೂರು ತಿಂಗಳು ಗೋಧಿ ಬಿಟ್ಟಮೇಲೆ ತುಂಬಿಕೊಳ್ಳಬೇಕಿತ್ತಲ್ಲ ಎಂದು ಅವನು ಒಂದು ಕ್ಷಣ ಅಂದುಕೊಂಡ, ಆದರೆ ಆ ಯೋಚನೆಯನ್ನು ಹಿಡಿದು ಕೂರುವ ದಿನ ಅದಾಗಿರಲಿಲ್ಲ. ಚೀಲವನ್ನು ಊಟದ ಮೇಜಿನ ಕಾಲಿಗೆ ಒರಗಿಸಿಟ್ಟ ಅವಳು ಮೇಜಿನ ಮೇಲಿದ್ದುದನ್ನೆಲ್ಲ ನೋಡಿ ಹುಬ್ಬೇರಿಸಿದಳು.

"ಇಷ್ಟೂ ನೀವೇ ಮಾಡಿದ್ದಾ ಅಪ್ಪ?"

"ಅಲ್ಲ, ಭಟ್ಟರನ್ನ ಕರೆಸಿದ್ವಿ," ಎಂದಳು ಚೂಡಾಮಣಿ. "ಬೆಳಗ್ಗೆ ಐದಕ್ಕೆದ್ದು ಸೌತೆಕಾಯಿಗೆ ಸ್ನಾನ ಮಾಡಿಸಿದಾರೆ ನಿಮ್ಮಪ್ಪ. ಹೂಕೋಸಿಗೆ ಅನ್ನದ ವೇಷ ಹಾಕಿದಾರೆ. ನನ್ನನ್ನ ಒಳಗೇ ಬಿಟ್ಟಿಲ್ಲ."

"ಒಂದೊಂದರದ್ದೂ ಹಿಂದೆ ಮುಂದೆ ಓದಿದೀನಿ," ಕಿಟ್ಟಿಯ ಮಾತು ತಡವರಿಸಿತು. "ಎಳ್ಳು ನಾನೇ ಆರಿಸಿದ್ದು. ಮಿಕ್ಸಿ ಜಾರ್ ಹೊಸದು, ಹಿಟ್ಟು ಸೋಕಿಲ್ಲ. ಹೆದರಿಕೆ ಇದ್ರೆ ಬೇಡ. ಆದ್ರೆ ಒಂದ್ಸಲ..."

ಸುರಭಿ ಚೀಲದ ಕಡೆ ನೋಡಿದಳು, ಅವನ ಕಡೆ ನೋಡಿದಳು. ಅವನ ಅಂಗಿಯ ತುಂಬ ಮಸಿಯಿತ್ತು, ಒಂದು ಹುಬ್ಬಿಗೂ ಮೆತ್ತಿತ್ತು. ಅವಳು ಕುರ್ಚಿ ಎಳೆದು ಕೂತು ತಟ್ಟೆ ಮುಂದಕ್ಕೆ ಸರಿಸಿಕೊಂಡಳು. ಕಿಟ್ಟಿಗೆ ಕಿವಿಯಲ್ಲಿ ಗುಂಯ್ ಅಂದಿತು. ಒಂದೊಂದಾಗಿ ಬಡಿಸಿದ. ಅವಳು ಮೊದಲು ಮೊಸರು ಸೌತೆಕಾಯಿ ತಿಂದಳು, ಕಣ್ಣು ಮುಚ್ಚಿ. "ಸಖತ್ತಾಗಿದೆ ಅಪ್ಪ!" ಮತ್ತೆ ತಿಂದಳು. ಸಖತ್ತು! ಬೀದಿಗೆ ಓಡಿ ಹೋಗಿ ಮೆಡಿಕಲ್ ಶಾಪಿನವನಿಗೆ ಕೂಗಿ ಹೇಳಬೇಕು ಅನ್ನಿಸಿತು ಅವನಿಗೆ. "ತಾಳು, ತಾಳು, ಹೂಕೋಸಿಗೆ ಬಿಸಿಬಿಸಿ ಒಗ್ಗರಣೆ ಬಾಕಿ," ಎಂದು ಒಳಗೆ ಓಡಿದ. ಎಣ್ಣೆ ಕಾದಿತ್ತು. ಹಳೆಯ ಹಿಂಗು ಮುಗಿದಿತ್ತು. ಕಪಾಟಿನಿಂದ ಹೊಸ ಡಬ್ಬಿ ತೆಗೆದು, ಮೇಲಿನ ಪ್ಲಾಸ್ಟಿಕ್ ಹಾಳೆ ಹರಿಯುವಾಗ, ಎಡಗೈ ತನ್ನಷ್ಟಕ್ಕೆ ತಾನೇ ಜೇಬಿಗೆ ಹೋಗಿ ಭೂತಗನ್ನಡಿ ತೆಗೆದಿತ್ತು. ಮೂರು ತಿಂಗಳ ಅಭ್ಯಾಸ, ಅಷ್ಟೇ. ಇರುವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳು ಗಾಜಿನಡಿಯಲ್ಲಿ ಉಬ್ಬಿ ನಿಂತವು: ಗೋಂದು, ಗೋಧಿ ಹಿಟ್ಟು, ಆಮೇಲೆ ಹಿಂಗು.

ಗೋಧಿ ಹಿಟ್ಟು. ಅವನು ಇನ್ನೊಂದು ಸಲ ಓದಿದ. ಅಂಗಡಿಯ ಸಕಲ ಪದಾರ್ಥಗಳನ್ನೂ ಕಳ್ಳರಂತೆ ತಡೆದು ನಿಲ್ಲಿಸಿ ಜೇಬು ತಪಾಸಣೆ ಮಾಡಿದವನಿಗೆ ಹಿಂಗಿನ ಮೇಲೆ ಅನುಮಾನ ಬಂದಿರಲಿಲ್ಲ. ಹೇಗೆ ಬರಬೇಕು? ಈರುಳ್ಳಿ ಕೂಡದ ಹಬ್ಬದ ದಿನಗಳಲ್ಲೂ ನೈವೇದ್ಯದ ಅಡುಗೆಗೆ ಕೂಡುವ ಹಿಂಗು. ಅಂಗಳದ ತುಳಸಿಯ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ? ಹಳೆಯ ಡಬ್ಬಿಯ ಚೀಟಿಯಂತೂ ಎಣ್ಣೆಗೈ ತಾಗಿ ತಾಗಿ ಯಾವತ್ತೋ ಅಳಿಸಿಹೋಗಿತ್ತು. ಹೊರಗೆ ಸುರಭಿಯ ತಟ್ಟೆಯಲ್ಲಿ ಹಿಂಗಿನ ಬದನೆಕಾಯಿ, ಹಿಂಗಿನ ಕಡಲೆ. ಒಂದು ಚಿಟಿಕೆ. ಒಂದು ಚಿಟಿಕೆಯ ಅರ್ಧದ ಅರ್ಧ. ಅವಳು ಕಣ್ಣು ಮುಚ್ಚಿ ತಿನ್ನುತ್ತಿದ್ದಾಳೆ. ಸಖತ್ತು ಅಂದಿದ್ದಾಳೆ. ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ತಳ್ಳಿದರೆ ಯಾರಿಗೆ ಗೊತ್ತಾಗುತ್ತದೆ, ನಾಳೆಯಿಂದ ಹಾಕದಿದ್ದರಾಯಿತು, ಅಷ್ಟರಲ್ಲಿ ಏನಾಗತ್ತೆ. ಅಷ್ಟರಲ್ಲಿ ಏನಾಗತ್ತೆ! ಆ ಮಾತು ಬಾಯಿಂದ ಹೊರಡುವ ಮೊದಲೇ ಅವನಿಗೆ ಅದರ ದನಿಯ ಗುರುತು ಸಿಕ್ಕಿತು. ಅದು ಅವನದೇ ದನಿ, ಹನ್ನೆರಡು ವರ್ಷ ಹಳೆಯದು, ಇದೇ ಮೇಜಿನ ತಲೆಯಲ್ಲಿ ಕೂತು ಪ್ರತಿ ಸಾಯಂಕಾಲ ಆಡಿದ್ದು.

"ತಿನ್ನಬೇಡ!"

ತಾನು ಅಷ್ಟು ಜೋರಾಗಿ ಕೂಗುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಬದನೆಕಾಯಿಯ ಮೊದಲ ತುತ್ತು ಬಾಯಿಯ ಹತ್ತಿರ ತಂದಿದ್ದ ಸುರಭಿಯ ಕೈ ಅಲ್ಲೇ ನಿಂತಿತು. ಅವಳ ಮುಖ ಇಪ್ಪತ್ತೈದರಿಂದ ಹದಿಮೂರಕ್ಕೆ ಇಳಿದುಹೋಯಿತು. ತುತ್ತನ್ನು ಮೆಲ್ಲಗೆ ತಟ್ಟೆಗೆ ಬಿಟ್ಟು, ಕೈಯನ್ನು ಮಡಿಲಿಗೆ ಎಳೆದುಕೊಂಡು, "ಸಾರಿ ಅಪ್ಪ," ಅಂದಳು.

ಆ 'ಸಾರಿ' ಅವನ ಎದೆಯೊಳಗೆ ಎಲ್ಲಿ ಹೋಗಿ ಬಿತ್ತೋ. "ನೀನಲ್ಲ ಪುಟ್ಟಿ, ನಾನು, ನಾನು," ಎನ್ನುತ್ತ ಡಬ್ಬಿಯನ್ನೂ ಭೂತಗನ್ನಡಿಯನ್ನೂ ಅವಳ ಮುಂದಿಟ್ಟ. "ಓದು. ಎರಡನೇ ಪದಾರ್ಥ. ಬದನೆಕಾಯಿಗೂ ಹಾಕಿದೀನಿ, ಕಡಲೆಗೂ ಹಾಕಿದೀನಿ. ಹದಿನಾಲ್ಕು ಹಾಳೆಯಲ್ಲೂ ನಾನೇ ಗೀಟು ಎಳೆದು ಬರೆದಿದ್ದು. ಆ ಸಮುದ್ರದವರ ತಪ್ಪಿಲ್ಲ." ತಾನು ಆಡುತ್ತಿರುವುದು ಪೆದ್ದುಪೆದ್ದಾಗಿದೆ ಎಂದು ಗೊತ್ತಿದ್ದೂ ನಿಲ್ಲಿಸಲಾಗಲಿಲ್ಲ. ಅವಳೀಗ ಎದ್ದು ಚೀಲ ಎತ್ತಿಕೊಳ್ಳುತ್ತಾಳೆ, ಡಬ್ಬಿ ತೆಗೆಯುತ್ತಾಳೆ, ಮುಗಿಯಿತು.

ಸುರಭಿ ಓದಿದಳು. ಗಾಜನ್ನು ಹತ್ತಿರ ತಂದು, ದೂರ ಒಯ್ದು, ಮತ್ತೆ ಓದಿದಳು. ಆಮೇಲೆ ತಲೆಯೆತ್ತದೆ ಕೇಳಿದಳು: "ಅಮ್ಮ, ನೀನು ನಂಗೆ ಪ್ರತಿ ತಿಂಗಳು ಸಾರಿನ ಪುಡಿ ಕಳಿಸ್ತೀಯಲ್ಲ, ಅದಕ್ಕೆ ಯಾವ ಹಿಂಗು?"

"ಇನ್ಯಾವ್ದು ಕಣೇ? ಇದೇ. ಇಪ್ಪತ್ತು ವರ್ಷದಿಂದ ಇದೇ."

"ಜಾಸ್ತಿ ಹಾಕ್ತೀಯಾ?"

"ನಿನ್ನ ಹೊಟ್ಟೆಗೆ ಒಳ್ಳೇದು ಅಂತ ಒಂದು ಕೈ ಮುಂದೇನೇ..." ಚೂಡಾಮಣಿಯ ಮಾತು ಅಲ್ಲಿಗೇ ಕಡಿದುಹೋಯಿತು.

ಸುರಭಿ ಬಗ್ಗಿ ಚೀಲದಿಂದ ತನ್ನ ಊಟದ ಡಬ್ಬಿ ತೆಗೆದಳು, ಮುಚ್ಚಳ ಬಿಚ್ಚಿ ಮೂಗಿನ ಹತ್ತಿರ ಹಿಡಿದಳು. ಸಾರನ್ನ. ಘಮಘಮ ಹಿಂಗು. ಅವಳು ನಗತೊಡಗಿದಳು. ಮೊದಲು ಭುಜ ಕುಲುಕಿತು, ಆಮೇಲೆ ಸದ್ದು ಬಂತು, ಕಣ್ಣಲ್ಲಿ ನೀರು ಬಂತು. "ಮೂರು ತಿಂಗಳಿಂದ ಒಂದು ಬಿಸ್ಕತ್ತು ಮುಟ್ಟಿಲ್ಲ ಅಪ್ಪ. ಆದ್ರೂ ವಾರಕ್ಕೆ ನಾಲ್ಕು ದಿನ ಹೊಟ್ಟೆ ಹಿಡ್ಕೊಂಡು ಒದ್ದಾಡ್ತಿದ್ದೆ. ಹೋದ ವಾರ ಡಾಕ್ಟ್ರು ಕೇಳಿದ್ರು, ಕದ್ದು ಏನಾದ್ರೂ ತಿಂತಿದೀರೇನಮ್ಮ ಅಂತ. ಇಲ್ಲ ಅಂದೆ. ನಂಬಲಿಲ್ಲ ಅವ್ರು. ಮನೆಗೆ ಬಂದು ಕೂತು ಅನ್ಕೊಂಡೆ, ನೀವು ಹೇಳ್ತಿದ್ದಿದ್ದೇ ನಿಜವೇನೋ, ಇದೆಲ್ಲ ನಾಟಕವೇನೋ, ನಂಗೇ ಗೊತ್ತಾಗದ ಹಾಗೆ ನಾನೇ ಆಡ್ತಿದೀನೇನೋ ಅಂತ."

ಒಲೆಯ ಮೇಲೆ ಎಣ್ಣೆ ಹೊಗೆಯಾಡುತ್ತಿತ್ತು, ಕಿಟ್ಟಿ ಹೋಗಿ ಆರಿಸಿ ಬಂದ. ಚೂಡಾಮಣಿ ತನ್ನ ಬಲಗೈಯ ಹೆಬ್ಬೆರಳು ತೋರುಬೆರಳುಗಳನ್ನು, ಹಿಂಗು ಚಿಟಿಕೆ ಹಿಡಿಯುವ ಆ ಎರಡನ್ನು, ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ಅಪರಾಧದಲ್ಲಿ ತನಗೊಬ್ಬರು ಪಾಲುದಾರರು ಸಿಕ್ಕಿದರು ಎಂದು ಮನಸ್ಸಿನ ಯಾವುದೋ ಕೊಳಕು ಮೂಲೆ ಖುಷಿಪಟ್ಟಿದ್ದನ್ನು ಕಿಟ್ಟಿ ಗಮನಿಸಿದ, ನಾಚಿದ. ಆದರೆ ಅದರ ಮೇಲೆ, ಅದಕ್ಕಿಂತ ಎಷ್ಟೋ ದೊಡ್ಡದಾಗಿ, ಬೇರೊಂದು ಉಕ್ಕುತ್ತಿತ್ತು: ಸಿಕ್ಕಿತು! ಕಳ್ಳ ಸಿಕ್ಕಿದ! ಇನ್ನು ಅವಳ ತೋಳು ತುಂಬಿಕೊಳ್ಳುತ್ತದೆ, ಹೊಟ್ಟೆ ಹಿಡಿದುಕೊಳ್ಳುವುದಿಲ್ಲ. ಸಿಕ್ಕಿದ್ದು ತನ್ನ ಕೈಗೇ.

"ಪುಟ್ಟಿ, ಆ ಜಾಮಿಟ್ರಿ ಬಾಕ್ಸು..." ಎಂದು ಶುರು ಮಾಡಿದ. ಹನ್ನೆರಡು ವರ್ಷಕ್ಕೆ ಸಾಲುವ ವಾಕ್ಯ ಅವನ ಹತ್ತಿರ ಇರಲಿಲ್ಲ. "ಬದರಿನಾಥನ ಮುಂದೆ ಹಾಗೆ ಮಾಡಬಾರದಿತ್ತು ನಾನು. ಯಾರ ಮುಂದೂ ಮಾಡಬಾರದಿತ್ತು."

ಸುರಭಿ ಅವನನ್ನೇ ನೋಡಿದಳು.

"ಅವರ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು," ಅಂದಳು. ಆಮೇಲೆ ಕೈ ತೊಳೆದುಕೊಂಡು ಬಂದು, "ಬದನೆಕಾಯಿ ಇನ್ನೂ ಇದ್ಯಾ?"

"ಒಂದೇ ಒಂದಿದೆ. ಪುಟ್ಟದು."

"ಹಚ್ಚಿ ಒಲೆ."

ಅಪ್ಪ ಮಗಳು ಪಕ್ಕಪಕ್ಕ ನಿಂತು ಸುಟ್ಟರು. ಅವನು ಹದಿನಾಲ್ಕು ಹಾಳೆ ಓದಿದ ಪಾಂಡಿತ್ಯವನ್ನೆಲ್ಲ ಒಂದೇ ಉಸಿರಿಗೆ ಒದರಿದ. ಅವಳು "ಉರಿ ಸಣ್ಣ ಮಾಡಿ, ಭಾಷಣ ಸಾಕು," ಅಂದಳು. ಚೂಡಾಮಣಿ ಕಾವಲಿನ ಕುರ್ಚಿ ಬಿಟ್ಟೆದ್ದು ಕುಂಟುತ್ತಾ ಬಂದು, ಹಿಂಗಿನ ಎರಡೂ ಡಬ್ಬಿಗಳನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದಳು, ಆಮೇಲೆ ಕೇಳದೆಯೇ ಶುಂಠಿ ತುರಿಯತೊಡಗಿದಳು. ಬೆಳ್ಳುಳ್ಳಿಯ ಮಾತು ಯಾರೂ ಎತ್ತಲಿಲ್ಲ. ಬದನೆಕಾಯಿ, ಎಳ್ಳು, ನಿಂಬೆರಸ, ಉಪ್ಪು, ಶುಂಠಿ, ಮೇಲೆ ಹಸಿ ಆಲಿವ್ ಎಣ್ಣೆ. ಮೂರು ಜನಕ್ಕೆ ಹಂಚಿದರೆ ತೊಳೆದ ತಟ್ಟೆಗಳಲ್ಲಿ ಒಂದೊಂದು ಮುಷ್ಟಿ ಬಂತು. ಅದರ ಪಕ್ಕ ಬರೀ ಹಬೆಯಲ್ಲಿ ಬೆಂದ ಹೂಕೋಸು, ಮೊಸರು ಸೌತೆಕಾಯಿ. ಎರಡು ಗಂಟೆಯ ಬಿಸಿಲು ಕಿಟಕಿಯ ಸರಳುಗಳನ್ನು ಮೇಜಿನ ಮೇಲೆ ಮಲಗಿಸಿತ್ತು.

"ಏನೋ ಒಂದು ಕಮ್ಮಿ ಇದೆ," ಎಂದಳು ಚೂಡಾಮಣಿ, ಮೊದಲ ತುತ್ತು ನುಂಗಿ, ಅಭ್ಯಾಸಬಲದಿಂದ.

"ಹಿಂಗು," ಎಂದರು ಅಪ್ಪ ಮಗಳು ಒಟ್ಟಿಗೇ. ಮೂವರೂ ನಕ್ಕ ಸದ್ದು ಎಷ್ಟಿತ್ತೆಂದರೆ ಮಹಡಿಯ ಮೇಲೆ ಶರಣಮ್ಮ ರೇಡಿಯೋ ಸಣ್ಣಗೆ ಮಾಡಿದಳು.

ಸುರಭಿ ತಿಂದಳು. ನಿಲ್ಲಿಸದೆ, ಮಾತಾಡದೆ, ಹಸಿದವರು ತಿನ್ನುವ ಹಾಗೆ ತಿಂದಳು. ಕಿಟ್ಟಿ ತನ್ನ ತಟ್ಟೆಯಲ್ಲಿ ಕೈಯಾಡಿಸುತ್ತ, ತಿನ್ನುವುದನ್ನು ಮರೆತು ಅವಳ ದವಡೆ ಆಡುವುದನ್ನೇ ನೋಡುತ್ತಿದ್ದ. ಅವಳ ತಟ್ಟೆ ಬರಿದಾಯಿತು. ಬೆರಳಿನಿಂದ ಬಳಿದಳು.

"ಇನ್ನೊಂಚೂರು ಇದ್ಯಾ?"

"ಎಲ್ಲಿಂದ ತರಲೇ? ಮುಗೀತು. ಒಂದೇ ಕಾಯಿ ಇದ್ದಿದ್ದು," ಎಂದಳು ಚೂಡಾಮಣಿ.

ಸುರಭಿ ಕೇಳದೆ, ಮೇಜಿನಾಚೆ ಕೈ ಚಾಚಿ, ಕಿಟ್ಟಿಯ ತಟ್ಟೆಯಿಂದ, ಅವನ ಬೆರಳಿನ ಗೆರೆ ಮೂಡಿದ್ದ ಕಡೆಯಿಂದಲೇ, ಬದನೆಕಾಯಿ ಎತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಒಬ್ಬರ ಎಂಜಲು ಇನ್ನೊಬ್ಬರು ಮುಟ್ಟಿದ ಮನೆಯಲ್ಲ ಅದು. ಚೂಡಾಮಣಿ ಎಡಗೈಯಿಂದ ಗಂಡನ ತಟ್ಟೆಯ ಅಂಚು ಹಿಡಿದು, ಮಗಳ ಕೈಗೆ ಎಟುಕುವ ಹಾಗೆ, ಮೆಲ್ಲಗೆ ಆ ಕಡೆಗೆ ಸರಿಸಿದಳು.